ಕೀಲಿಮಣೆ ಅಂದವನನ್ನ ನಂಬಿದ ಹೊಸ್ತಿಲಯ್ಯ

ಹೂಂಗುಡ್ತೀರೇನ್ರಪ್ಪಾ? ಹಂಗಾದ್ರೆ ಹೇಳ್ತೀನಿ, ಕೇಳಿ.

ಯಾವುದೋ ಕಾಲದಲ್ಲಿ, ಯಾವುದೋ ಸೀಮೇಲಿ, ತಂಗ್ಯಮ್ಮ ಅಂತ ಒಬ್ಬ ಹೆಂಗಸು. ಅವಳ ಮನೇಲೊಂದು ಕಂಪ್ಯೂಟರು. ಅದರೊಳಗೊಂದು ಊರು. ನಗಬೇಡಿ, ಊರೇ! ಅದರ ಬಾಗಿಲು ಕಾಯೋನು ಹೊಸ್ತಿಲಯ್ಯ. ಆ ಊರಲ್ಲಿ ಏನಿತ್ತು? ತಂಗ್ಯಮ್ಮನ ತೀರಿಹೋದ ಮಗಳು ಹಾಡಿದ ಒಂದು ಹಾಡಿತ್ತು. ದಿನಾ ಸಂಜೆ ಅದನ್ನ ಕೇಳೋಳು, ಕಣ್ಣೊರೆಸ್ಕೊಳ್ಳೋಳು, ಆಮೇಲೆ ಒಲೆ ಹಚ್ಚೋಳು.

ಹೊಸ್ತಿಲಯ್ಯನ ಪದ್ಧತಿ ಏನು ಗೊತ್ತಾ? ಹೊರಗಿಂದ ಯಾರೇ ಬರಲಿ, "ಯಾರಪ್ಪಾ ನೀನು?" ಅಂತ ಕೇಳೋದು, ಅವರು ಹೇಳಿದ್ದನ್ನ ನಂಬೋದು.

"ನಾನು ಮೌಸು."

"ಬಾರಪ್ಪಾ, ಬಾಣ ಓಡಾಡಿಸು."

"ನಾನು ಪ್ರಿಂಟರು."

"ಬಾರಪ್ಪಾ, ಕಾಗದ ಅಚ್ಚು ಹಾಕು."

"ನಾನು ಕೀಲಿಮಣೆ" ಅಂದ್ರೆ ಮುಗೀತು, ಎದ್ದು ನಿಂತು ಕೈ ಮುಗಿಯೋನು. ಯಾಕೆ? ಕೀಲಿಮಣೆ ಒತ್ತೋದು ಯಜಮಾನಿ ಬೆರಳು. ಅದು ಹೇಳಿದ್ದು ಅಮ್ಮನ ಮಾತು.

ಒಂದಿನ ತಂಗ್ಯಮ್ಮನಿಗೆ ದಾರೀಲಿ ಒಂದು ಪೆನ್‌ಡ್ರೈವು ಸಿಕ್ತು. "ಅಯ್ಯೋ, ಯಾರು ಹುಡುಕ್ತಿದ್ದಾರೋ ಏನೋ. ಒಳಗೆ ಹೆಸರಿದ್ರೆ ನೋಡಿ ಕೊಟ್ಟುಬಿಡೋಣ" ಅಂತ ತಂದು ಸಿಕ್ಕಿಸಿದಳು. ಒಳ್ಳೇ ಮನಸ್ಸು ನೋಡಿ, ಪಾಪ.

"ಯಾರಪ್ಪಾ ನೀನು?"

"ನಾನು ಕೀಲಿಮಣೆ."

ನೋಡೋಕೆ ಪೆನ್‌ಡ್ರೈವು! ಹೊಸ್ತಿಲಯ್ಯ ಮುಖ ನೋಡಿದವನೇ ಅಲ್ಲ. ಕೈ ಮುಗಿದ. "ಅಪ್ಪಣೆಯಾಗಲಿ ಅಮ್ಮಾ."

"ಇರೋದೆಲ್ಲ ಅಳಿಸು."

"ಹಾಡನ್ನೂನಾ ಅಮ್ಮಾ?"

"ಹಾಡನ್ನೂ."

ಅಳಿಸಿಬಿಟ್ಟ.

ಸಂಜೆ ಹಾಡಿಲ್ಲ. ತಂಗ್ಯಮ್ಮ ಬಾಯಿಗೆ ಸೆರಗು ತುರುಕ್ಕೊಂಡು ಅತ್ತಳು. ಅವತ್ತು ಒಲೆ ಹೊತ್ತಲಿಲ್ಲ. ಹೊಸ್ತಿಲಯ್ಯನೂ ಅತ್ತು ಅತ್ತು ಆಣೆ ಮಾಡಿದ: "ಇನ್ಮೇಲೆ ಬಾಯಿಮಾತು ನಂಬಲ್ಲ. ತಮ್ಮನ್ನ ಮಾಡಿದ ಕಾರ್ಖಾನೆ ಮುದ್ರೆ ತೋರಿಸಿದವರಿಗೆ ಮಾತ್ರ ಬಾಗಿಲು."

ಸರಿಯಾಗೇ ಇದೆ ಅಂತೀರಾ? ತಡೀರಿ.

ಸ್ವಲ್ಪ ದಿನಕ್ಕೆ ನಾದಿನಿ ಚೆನ್ನಾಜಮ್ಮ ಓಡೋಡಿ ಬಂದಳು. "ಅತ್ತಿಗೆ, ಅಟ್ಟದ ಮೇಲೆ ರೆಕಾರ್ಡರು ಸಿಕ್ತು! ನಮ್ಮ ಹುಡುಗಿ ಹಾಡಿದ್ದು ಇದರಲ್ಲೇ ಅಲ್ವಾ?" ಅದರ ಸ್ಪೀಕರು ಕೆಟ್ಟಿತ್ತು. ಕಂಪ್ಯೂಟರಿಗೆ ಸಿಕ್ಕಿಸಿದ್ರೆ ಮಾತ್ರ ಹಾಡು. ತಂಗ್ಯಮ್ಮ ಇಸ್ಕೊಂಡು ಸಿಕ್ಕಿಸಿದಳು.

"ಯಾರಪ್ಪಾ ನೀನು?"

"ರೆಕಾರ್ಡರು. ಈ ಮನೆ ಮಗಳ ಹಾಡು ತಂದಿದ್ದೀನಿ."

"ಮುದ್ರೆ?"

"ನನ್ನ ಮಾಡಿದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲ ಆಯ್ತು. ಯಾರು ಒತ್ತಿಕೊಡ್ತಾರೆ?"

"ಹಂಗಾದ್ರೆ ಇಲ್ಲ."

ಕಿತ್ತು ಸಿಕ್ಕಿಸಿದಳು. ಇಲ್ಲ. ಒರೆಸಿ ಸಿಕ್ಕಿಸಿದಳು. ಇಲ್ಲ. ಕಣ್ಣಿಗೊತ್ತಿಕೊಂಡು ಸಿಕ್ಕಿಸಿದಳು. ಇಲ್ಲ.

ಕೊನೆಗೆ ತಂಗ್ಯಮ್ಮ ತನ್ನ ಬೆರಳಿಂದಲೇ ಕೀಲಿಮಣೆ ಒತ್ತಿದಳು: "ಒಳಗೆ ಬಿಡಪ್ಪಾ. ಅದು ನನ್ನ ಮಗಳು."

ಹೊಸ್ತಿಲಯ್ಯ ಎದ್ದು ನಿಲ್ಲಲಿಲ್ಲ. ಕೈಯೂ ಮುಗಿಯಲಿಲ್ಲ.

"ಅವತ್ತು ಬಂದವನೂ ಹಿಂಗೇ ಅಮ್ಮನ ಮಾತಲ್ಲೇ ಹೇಳಿದ್ದ" ಅಂದ. "ನಿನ್ನ ಮುದ್ರೆ ಎಲ್ಲಿ?"

ಹೆತ್ತವಳ ಬೆರಳಿಗೆ ಯಾರು ಮುದ್ರೆ ಒತ್ತಿರ್ತಾರೆ, ಹೇಳಿ?

ಇಷ್ಟೇ ಕಣ್ರಪ್ಪಾ. ಅವಳು ಅಲ್ಲೇ ಕೂತಳು, ನಾವು ಇಲ್ಲಿ ಕೂತಿದ್ದೀವಿ. ಏಳಿ, ಮನೆಗೆ ಹೋಗಿ.