ಹಸಿರು ನೂಲು

ಇಲ್ಲರೀ ವೈನಿ, ಇದು ಅಂಬ್ರಪ್ಪಣ್ಣನ ಕ್ಲಾರಿನೆಟ್ ಅಲ್ಲ. ಎಷ್ಟ ಸಲ ಹೇಳ್ಲಿ? ನಿಮ್ಮ ಗಂಡನ್ನೂ ಅದನ್ನೂ ಕೂಡೇ ಭೀಮಾ ಹೊಳಿ ನುಂಗ್ಯದ. ಪೊಲೀಸ ಠಾಣೆ ಅಮೀನಸಾಬರು ಉರ್ದುದಾಗ ಬರದ ಪಂಚನಾಮಾಕ್ಕ ಹೆಬ್ಬೆಟ್ಟು ಒತ್ತಿದಾವ ನಾನ. ಲಗ್ನಾ ಮುಗಿಸಿ ಬರುವಾಗ ನಾ ಮೊದಲ ದಾಟಿದ್ದೆ. ಅವನ ಹರಗೋಲು ಮಗಚಿದಾಗ ದೂರ ದಂಡಿ ಮ್ಯಾಲಿದ್ದೆ... ಹಂಗ್ಯಾಕ ನೋಡ್ತೀರಿ? ಬ್ಯಾಂಡಿನಾಗ ಹತ್ತು ವರ್ಷ ಅವನ ಬಾಜೂಕ ನಿಂತು ಊದಿದ ಸಾಬಣ್ಣ ಸುಳ್ಳ ಹೇಳ್ತಾನೇನು?

ಮೊದಲ ಹೊಸ್ತಿಲ ಬಿಟ್ಟು ಒಳಗ ಬರ್ರಿ. ಅಲ್ಲಿ ಕೂಡಬಾರದು. ನಂಗೂ ಹೊರಗ ಹೋಗಾಕ ದಾರಿ ಇಲ್ಲ... ಬ್ಯಾಡಾ? ಆತು, ಕೂಡ್ರಿ.

ಶಹಾಪುರ ಸಂತ್ಯಾಗ ಸಿಕ್ತು ಅಂದ್ರಲ್ಲ, ಯಾವ ಕಂಪನಿದು ಅಂತ ದೇವರಿಗೂ ಗೊತ್ತಾಗಂಗಿಲ್ಲ. ಮುದ್ರಿ ಇಲ್ಲ, ಹೆಸರಿಲ್ಲ. ಮ್ಯಾಲಿನ ತುಂಡು ಕರೀ ಕಟಗಿ, ಕೆಳಗಿಂದು ಕೆಂಪು. ಎರಡು ಮನಿ ಕೂಸುಗಳನ್ನ ಒಂದ ತೊಟ್ಟಿಲಾಗ ಹಾಕ್ದಂಗ. ಅಂಬ್ರಪ್ಪಣ್ಣಂದು ಪೂರಾ ಕರೀದಿತ್ತು, ಮರತೀರೇನು?

ಇರ್ಲಿ, ತಂದೀರಿ, ರಿಪೇರಿ ಮಾಡಿಕೊಡ್ತೀನಿ. ಬೆರಳು ಒತ್ತೂ ಕೀಲಿ ಕೆಳಗಿನ ತೊಗಲು ಒಣಗ್ಯದ, ಹೊಸಾದು ಹಚ್ತೀನಿ. ಆದ್ರ ನಡುವಿನ ಜೋಡು ಬಿಗದು ಕುಂತದ. ಜೋರ ಜಗ್ಗಿದ್ರ ಒಳಗಿನ ಹಸಿರು ನೂಲು ಹರೀತದ. ಅದಕ್ಕ ಎಣ್ಣಿ ಬಿಟ್ಟು, ಸಾವಕಾಶ...

ಯಾಕ ಎದ್ದು ನಿಂತ್ರಿ? ನಾ ಏನಂದೆ? ಹಸಿರು ನೂಲು... ಎಲ್ಲಾರೂ ಹಸಿರ ಸುತ್ತತಾರ, ಅದಕ್ಕ ಅಂದೆ...

ಇಲ್ಲ. ಹೌದು, ನಾ ಇನ್ನೂ ಬಿಚ್ಚೇ ಇಲ್ಲ, ಒಳಗಿನ ನೂಲು ಕಂಡೇ ಇಲ್ಲ. ಅವತ್ತು ಲಗ್ನಕ್ಕ ಹೊಂಟಾಗ ಆ ನೂಲು ನೀವು ನಿಮ್ಮ ಸೆರಗಿಂದ ಎಳದು ಕೊಟ್ಟಿದ್ರಿ. ನಾಕು ಮೊಳ. ಇದರ ಜೋಡು ಅಲ್ಲಾಡ್ತದ, ಗಟ್ಟಿ ಸುತ್ತು ಸಾಬಣ್ಣಾ ಅಂದಿದ್ರಿ. ಲಗ್ನದ ಮನ್ಯಾಗ ಊಟಕ್ಕ ಎಲಿ ಹಾಕಿದ್ರು, ನಂಗ ಅವಸರ. ಒಂದು ಮೊಳ ಸುತ್ತಿ ಸಾಕಂದೆ.

ನಾ ದೂರ ಇರಲಿಲ್ಲ ವೈನಿ. ಅವ ನೀರಾಗಿಂದ ಇದನ್ನ ಚಾಚಿ, ಹಿಡಿಯೋ ಅಂದ. ಹಿಡದೆ. ಜಗ್ಗಿದೆ. ಮ್ಯಾಲಿನ ತುಂಡು ನನ್ನ ಕೈಯಾಗ ಉಳೀತು... ಕೆಳಗಿಂದು ಹಿಡಕೊಂಡು ಅವ ಹೋದ. ಮನ್ಯಾಗ ಇಟ್ಕೊಂಡು ನಿದ್ದಿ ಬರಲಿಲ್ಲ. ಬ್ಯಾರೇ ತುಂಡು ಜೋಡಿಸಿ ಮಾರಿಬಿಟ್ಟೆ. ಜೋಡಸುವಾಗ ಉಳದ ಮೂರೂ ಮೊಳ ಸುತ್ತಿದೆ, ಬೆರಳು ಹರಿಯೂ ಹಂಗ.

ಬೈರಿ, ವೈನಿ... ಏನು, ಬಿಚ್ಚಂತೀರಾ? ಈಗ? ಆತು.

ನೋಡ್ರಿ, ಎರಡೂ ಕೈಲೆ ಜಗ್ಗಾಕತ್ತೀನಿ. ಬರವಲ್ದು. ಇವತ್ತು... ಇವತ್ತು ಬರವಲ್ದು, ವೈನಿ.