ತಿಜೋರಿಯಲ್ಲಿಟ್ಟ ಮೆಮೊರಿ ಕಾರ್ಡು

ಒಂದು ಪೇಟೆಯಲ್ಲಿ ಜೋಳದ ವ್ಯಾಪಾರ ಮಾಡುವ ಶ್ರೀಮಂತನೊಬ್ಬ ಇದ್ದನಂತೆ. ಪಂಚಮಿ ಹಬ್ಬಕ್ಕೆ ಅಕ್ಕ ತವರಿಗೆ ಬರುತ್ತಾಳೆಂದು ಕ್ಯಾಮೆರಾ ಕೊಳ್ಳಲು ಹೋದ. ತಾಯಿ ತೀರಿಕೊಂಡಾಗ ಅವನಿನ್ನೂ ಕೂಸು. ಸಾಕಿದವಳು ಈ ಅಕ್ಕ. ಈಗ ಅವಳಿಗೂ ವಯಸ್ಸಾಗಿತ್ತು. ಮನೆಯಲ್ಲಿ ಅವಳದೊಂದು ಫೋಟೊ ಇರಲಿಲ್ಲ.

ಅಂಗಡಿಯಲ್ಲಿ ನಮ್ಮ ಶ್ರೀಮಂತ, ನೋಡಿ, ಎಲ್ಲಕ್ಕಿಂತ ದೊಡ್ಡ ಕ್ಯಾಮೆರಾವನ್ನೇ ಎತ್ತಿಕೊಂಡ. ದೊಡ್ಡದೆಂದರೆ ಒಳ್ಳೆಯದು, ಅಷ್ಟೇ ಅವನ ಲೆಕ್ಕ. ಅಂಗಡಿಯವನು ಉಗುರಿನಗಲದ ಮೆಮೊರಿ ಕಾರ್ಡು ಕೈಗಿಟ್ಟು, "ಸಾವ್ಕಾರ್ರ, ಕ್ಯಾಮೆರಾ ಯಾವ್ದರೆ ಇರ್ಲಿ, ಕಾರ್ಡ್ ಚಲೋದು ಇರಬೇಕ್ರಿ. ತೆಗೆದ ಫೋಟೊ ಎಲ್ಲಾ ಇದ್ರಾಗ ಉಳಿಯೂದು. ಜ್ವಾಕಿ" ಎಂದ.

ಜ್ವಾಕಿ ಎಂದದ್ದಕ್ಕೆ ಇವನು ಏನು ಮಾಡಿದ ಗೊತ್ತೇ? ಕಾರ್ಡನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ತಿಜೋರಿಯಲ್ಲಿಟ್ಟು, ಬೀಗ ಹಾಕಿದ. ರಾಶಿಯಾದ ಮೇಲಲ್ಲವೇ ಕಣಜ ತುಂಬುವುದು? ಮೊದಲು ಫೋಟೊ ತೆಗೆದು, ಆಮೇಲೆ ಇದರಲ್ಲಿ ತುಂಬಿಸಿದರಾಯಿತು ಎಂದುಕೊಂಡ. ನಗಬೇಡಿ, ನಗಬೇಡಿ. ಮುಂದೆ ಕೇಳಿ.

ಹಬ್ಬದ ದಿನ ತೆಗೆದದ್ದೇ ತೆಗೆದದ್ದು. ಅಕ್ಕ ಉಂಡಿ ಕಟ್ಟಿದಳು, ತೆಗೆದ. ಜೋಕಾಲಿಯಲ್ಲಿ ಕೂತು ನಕ್ಕಳು, ತೆಗೆದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರುತ್ತಿತ್ತು, ಅದನ್ನು ಯಾರು ನೋಡುತ್ತಾರೆ? ಮರುದಿನ ಅವಳು ಹೊರಟು ನಿಂತಾಗ ತೋರಿಸಲು ಹೋದರೆ, ಒಂದೂ ಇಲ್ಲ. ಸೊಸೆ ಬಂದು ನೋಡಿ, "ಮಾವಾರ, ಕಾರ್ಡೇ ಹಾಕಿಲ್ಲಲ್ರಿ" ಎಂದಳು.

ಸಾವುಕಾರ ಅಂಗಳದಲ್ಲೇ ಕುಸಿದು ಕೂತ. "ಅಕ್ಕಾ, ಅವ್ವನ ಮುಖ ನನಗ ನೆನಪಿಲ್ಲ. ನಾಳೆ ನಿಂದೂ ಮರೆತರ ನಾ ಏನ್ ಮಾಡ್ಲಿ?" ಎಂದು ಅತ್ತುಬಿಟ್ಟ.

ಅಕ್ಕ ಕೈಚೀಲ ಕೆಳಗಿಟ್ಟಳು. "ಇಷ್ಟು ವರ್ಷ ಇದನ್ನ ಹೊಟ್ಟ್ಯಾಗ ಇಟ್ಕೊಂಡು ಕುಂತಿದ್ದೇನೋ ತಮ್ಮಾ? ನನಗೊಂದು ಮಾತು ಕೇಳಬಾರದಾ? ಹೋಗು, ಆ ಕಾರ್ಡ್ ತಗೊಂಡ್ ಬಾ."

ಸೊಸೆ ಕಾರ್ಡು ಹಾಕಿಕೊಟ್ಟಳು. ಅಕ್ಕ ತಾನೇ ಕ್ಯಾಮೆರಾ ಹಿಡಿದು, ಕಣ್ಣೊರೆಸಿಕೊಳ್ಳುತ್ತಿದ್ದ ತಮ್ಮನ ಫೋಟೊ ತೆಗೆದು ಅವನಿಗೇ ತೋರಿಸಿದಳು. "ನೋಡು. ಈ ಹಣಿ, ಈ ಮೂಗು, ಈ ಗಲ್ಲ. ಅವ್ವ ಥೇಟ್ ಹಿಂಗ ಇದ್ದಳು."

ಈಗ ನಿಮ್ಮನ್ನು ಕೇಳುತ್ತೇನೆ. ಅಕ್ಕ ಪ್ರತಿ ಪಂಚಮಿಗೂ ಬರುತ್ತಿದ್ದಳು. ಅವ್ವ ಹೇಗಿದ್ದಳೆಂದು ಇವನು ಒಮ್ಮೆಯಾದರೂ ಕೇಳಿದನೇ? ತಾಯಂದಿರೇ, ಅಣ್ಣಂದಿರೇ, ನಾವೂ ಹೀಗೆಯೇ. ಪ್ರೀತಿ ಬೆಲೆಯುಳ್ಳದ್ದೆಂದು ಒಳಗಿಟ್ಟು ಬೀಗ ಹಾಕುತ್ತೇವೆ. ಹೇಳಿದರೆ ಸವೆಯುತ್ತದೆಯೇ? ಇವತ್ತು ಮನೆಗೆ ಹೋದ ಕೂಡಲೇ ಟಿವಿ ಹಚ್ಚಬೇಡಿ. ನಿಮ್ಮನ್ನು ಸಾಕಿದವರ ಪಕ್ಕ ಕೂತುಕೊಳ್ಳಿ. ನೀನಂದರೆ ನನಗೆ ಪ್ರಾಣ ಎಂದು ಬಾಯಿಬಿಟ್ಟು ಹೇಳಿ. ನಾಚಿಕೆಯಾದರೆ ಆಗಲಿ, ಹೇಳಿ. ಕೇಳುವವರು ಇನ್ನೂ ಇದ್ದಾರೆ.