ಜೋಡಣೆ ನನ್ನದು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅಕ್ಕನಿಗೆ, ಅವರ ಮಗಳಿಗೆ — ನಿಮ್ಮ ಮುಖ ನೋಡಿ ಮಾತಾಡುವ ಧೈರ್ಯ ನನಗಿಲ್ಲ. ಆದರೂ ಮಾತಾಡಬೇಕು.

ಅಕ್ಕನ ಯಜಮಾನರು, ನಾವೆಲ್ಲ ಕಾಯಿಲ್ ಮೇಷ್ಟ್ರು ಅನ್ನುತ್ತಿದ್ದ ಈ ಫೋಟೋದಲ್ಲಿರುವ ಮಹನೀಯರು, ಇಪ್ಪತ್ತಾರು ವರ್ಷ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದರು. ಸುತ್ತುವಾಗ ಯಾರಾದರೂ ಮಾತಾಡಿಸಿದರೆ — ಹೀಗೆ — ಕೈ ಎತ್ತಿ ಬಾಯಿ ಮುಚ್ಚಿಸುತ್ತಿದ್ದರು. ನಿರ್ದೇಶಕರಿಗೂ ಅದೇ ಕೈ. ಸುತ್ತಿನ ಎಣಿಕೆ ತಪ್ಪಿದರೆ ಪೂರ್ತಿ ಬಿಚ್ಚಿ ಮತ್ತೆ ಮೊದಲಿಂದ ಶುರು.

ಸಿಡಿಯದೆ ನೆಲದಲ್ಲಿ ಹೂತುಹೋದ ಹಳೆಯ ಫಿರಂಗಿ ಶೆಲ್ಲುಗಳನ್ನು ಹುಡುಕುವ ಮ್ಯಾಗ್ನೆಟೋಮೀಟರ್ ನಮ್ಮದು. ಅದರ ಸೆನ್ಸರಿನಲ್ಲಿ ಎರಡು ಕಾಯಿಲ್. ಸೀರೀಸ್‌ನಲ್ಲಿ, ಒಂದರ ಹಿಂದೊಂದು ಜೋಡಿಸೋಣ ಅಂದರು ಮೇಷ್ಟ್ರು. ಬೇಡ, ಪ್ಯಾರಲಲ್, ಅಕ್ಕಪಕ್ಕ ಅಂದೆ ನಾನು. ತಂತಿಯ ತಡೆ ಕಮ್ಮಿ, ಅಳತೆಯಲ್ಲಿ ಬೆರೆಯುವ ಬೇಡದ ಸದ್ದೂ ಕಮ್ಮಿ. ನನ್ನ ಲೆಕ್ಕ ಸರಿಯೇ ಇತ್ತು. ಈಗಲೂ ಸರಿಯೇ ಇದೆ.

ಮೇಷ್ಟ್ರು ನಾನು ಹೇಳಿದ ಹಾಗೇ ಜೋಡಿಸಿದರು. ಕತ್ತರಿ ತಗೊಂಡು ಒಂದು ಕಾಯಿಲ್‌ನ ತಂತಿಯನ್ನು — ಕಟ್! ತಾವೇ ಮೂರು ದಿನ ಸುತ್ತಿದ ತಂತಿ. ಮೀಟರಿನ ಮುಳ್ಳು ಇನ್ನೂ ಅಲ್ಲಾಡುತ್ತಿತ್ತು, ಅರ್ಧದಷ್ಟು. "ನೋಡಿ ಸಾರ್, ಸೀರೀಸ್ ಆಗಿದ್ರೆ ಪೂರ್ತಿ ಸಾಯ್ತಿತ್ತು, ಕೆಟ್ಟಿದೆ ಅಂತ ಗೊತ್ತಾಗ್ತಿತ್ತು. ಇದು ಅರ್ಧ ಸತ್ತೂ ಚೆನ್ನಾಗಿದೀನಿ ಅಂತ ಸುಳ್ಳು ಹೇಳುತ್ತೆ."

ನಾನೇನು ಮಾಡಿದೆ ಗೊತ್ತೇ? ಚಪ್ಪಾಳೆ ತಟ್ಟಿದೆ. "ಒಂದು ತುಂಡಾದ್ರೂ ಕೆಲಸ ಮಾಡುತ್ತಲ್ಲ ಮೇಷ್ಟ್ರೇ!" ಅಂದೆ. ಅದನ್ನೇ ನಮ್ಮ ಯಂತ್ರದ ಹೆಚ್ಚುಗಾರಿಕೆ ಅಂತ ಕೈಪಿಡಿಯಲ್ಲಿ ಬರೆದೆ.

ಹೋದ ತಿಂಗಳು ಬಯಲಿನಲ್ಲಿ ಪರೀಕ್ಷೆ. ನನಗೆ ಮೀಟಿಂಗ್ ಇತ್ತು, ಮೇಷ್ಟ್ರು ಹೋದರು. ಎರಡೂ ಕಾಯಿಲ್ ಅಳೆದು, ಪುಸ್ತಕದಲ್ಲಿ ಬರೆದೇ ಹೊರಟಿದ್ದರು. ದಾರಿಯಲ್ಲಿ ಜೀಪಿನ ಕುಲುಕಾಟಕ್ಕೆ ಒಂದರ ತಂತಿ ತುಂಡಾಯಿತು. ಬಯಲಿನಲ್ಲಿ ಮುಳ್ಳು ಸಣ್ಣಗೆ ಅಲ್ಲಾಡಿತು — ಹಳೇ ತಗಡೋ ಮೊಳೆಯೋ ಇರಬೇಕು ಅನ್ನುವಷ್ಟು. ಗುರುತಿನ ಗೂಟ ನೆಡಲು ಮೇಷ್ಟ್ರು ಸುತ್ತಿಗೆ ಎತ್ತಿದರು.

ಮುಂದಿನದು — ನಿಮಗೆಲ್ಲ ಗೊತ್ತು.

ಸುತ್ತಿದವರ ಬೆಸುಗೆ ಸರಿಯಿರಲಿಲ್ಲ ಅಂತ ವರದಿ ಬಂತು. ಸತ್ತವರ ಮೇಲೆ ಹೊರಿಸುವುದು ಸುಲಭ. ನಾನೂ ಅದಕ್ಕೆ ಸಹಿ ಹಾಕಿದೆ. ಹೌದು ಅಕ್ಕ, ಹಾಕಿದೆ. "ಇವರ ಕೈಯೇ ತಪ್ಪಿತಾ ಸಾರ್?" ಅಂತ ನೀವು ಕೇಳಿದಾಗ ನೆಲ ನೋಡುತ್ತಾ ನಿಂತೆ. ಅದು ಹೇಡಿತನ. ಸಿಕ್ಕ ಚೂರುಗಳಲ್ಲಿ ಅವರ ಬೆಸುಗೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡಿದೆ. ಮಗಳೇ, ನಿಮ್ಮ ತಂದೆಯ ಕೈ ತಪ್ಪಲಿಲ್ಲ. ತಪ್ಪಿದ್ದು ಜೋಡಣೆ, ಆ ಜೋಡಣೆ ನನ್ನದು. ಬೆಳಿಗ್ಗೆಯೇ ಇದನ್ನು ನಿರ್ದೇಶಕರಿಗೆ ಬರೆದುಕೊಟ್ಟು ಬಂದಿದ್ದೇನೆ.

ಈಗ ಎಲ್ಲರೂ ಎರಡು ನಿಮಿಷ ಮೌನವಾಗಿ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಅಕ್ಕ, ಮಗಳೇ, ನೀವಿಬ್ಬರೂ ಕೂತಿರಿ. ಆ ವರದಿಗೆ ಸಹಿ ಹಾಕಿದ ನಾವು ಐದು ಜನ — ಮೊದಲು ಏಳೋಣ.